ಎಡತೋಳು, ಕುಳಿತ ಭಂಗಿ

“ಆ ಕೈ ಬ್ಯಾಡ ಅಮಾ, ವಾಸ್ನಿ ಬತ್ತ್.”

ಜಲಜ ಇದನ್ನು ಹೇಳಿದ್ದು ದಾದಿಗೆ. ಆದರೆ ಬಾಗಿಲ ಬಳಿ ಕಡತ ಹಿಡಿದು ನಿಂತಿದ್ದ ಸೊಸೆ ರಮಿತಾಳಿಗೆ, ತುಂಬಿದ ಬಸ್ಸಿನಲ್ಲಿ ಯಾರೋ ತನ್ನ ಹೆಸರು ಹಿಡಿದು ಕೂಗಿದಂತಾಯಿತು. ಕುಂದಾಪುರದ ಆ ಕಣ್ಣಿನ ಆಸ್ಪತ್ರೆಯ ಮೊದಲ ಮಹಡಿಯ ಕೋಣೆ ಬಹಳ ಕಿರಿದು. ಕುರ್ಚಿಯ ಎಡಮಗ್ಗುಲು ಗೋಡೆಗೆ ಒತ್ತಿಕೊಂಡಿತ್ತು. ಹಾಗಾಗಿ ದಾದಿ ಬಲಗೈಯನ್ನೇ ಎಳೆದು, ರವಿಕೆಯ ತೋಳನ್ನು ಮೇಲೆ ಸರಿಸಿ, ಬಿಪಿ ನೋಡುವ ಪಟ್ಟಿಯನ್ನು ಸುತ್ತತೊಡಗಿದ್ದಳು. ಜಲಜ ಕೈಯನ್ನು ಹಿಂದಕ್ಕೆಳೆದುಕೊಳ್ಳಲು ನೋಡಿದಳು. ಅರವತ್ತೇಳು ವರ್ಷದ ಆ ಹೆಂಗಸಿನ ಮುಖದಲ್ಲಿ ಪರರ ಮನೆಯ ಚಾಪೆಯನ್ನು ಒದ್ದೆಗಾಲಲ್ಲಿ ತುಳಿದವರ ಸಂಕೋಚವಿತ್ತು.

“ಎಂತ ವಾಸ್ನಿ ಮಾರ್ರೆ, ನಾನೂ ಬೆಳಿಗ್ಗೆ ಬಂಗ್ಡಿ ಮೀನ್ ಕೊಯ್ದೇ ಬಂದದ್. ಕೈ ಸಡ್ಲ ಬಿಡಿ” ಎಂದು ದಾದಿ ನಕ್ಕು ಗುಂಡಿ ಒತ್ತಿದಳು. ಯಂತ್ರ ಗುರುಗುಟ್ಟಿತು. ಅಂಕೆಗಳು ಏರಿ, ತಡೆದು, ಇಳಿದು ನಿಂತವು: ನೂರ ತೊಂಬತ್ತೆಂಟು, ನೂರ ಎರಡು. ದಾದಿ ನಗುವನ್ನು ನಿಲ್ಲಿಸದೆಯೇ ಮತ್ತೊಮ್ಮೆ ಒತ್ತಿದಳು. ಇನ್ನೂರ ಎರಡು, ನೂರು. “ಇವ್ರಿಗೆ ಬಿಪಿ ಮಾತ್ರೆ ಯಾವ್ದ್ ಕೊಡ್ತಿದ್ರಿ?”

“ಅವ್ರಿಗೆ ಇರೂದು ಲೋ ಬಿಪಿ” ಎಂದಳು ರಮಿತಾ. ತಾನು ಕೆಲಸ ಮಾಡುವ ಬೈಂದೂರಿನ ಪ್ರಯೋಗಾಲಯದ ಕಿಟಕಿಯಲ್ಲಿ ವರದಿ ಕೊಡುವಾಗ ಬಳಸುವ ಸ್ವರ ತಾನಾಗಿ ಬಂದಿತ್ತು. ಅದರಲ್ಲಿ ಏರಿಳಿತವಿಲ್ಲ, ಸಂಶಯಕ್ಕೆ ಜಾಗವಿಲ್ಲ. ಅವಳು ಚೀಲದಿಂದ ನೀಲಿ ರಟ್ಟಿನ ಪುಸ್ತಕವನ್ನು ತೆಗೆದು ಬಿಡಿಸಿದಳು. ಅಡಿಪಟ್ಟಿಯಿಟ್ಟು ಎಳೆದ ಗೆರೆಗಳು, ದಿನಾಂಕ, ಸಮಯ, ಮೇಲಿನ ಅಂಕೆ, ಕೆಳಗಿನ ಅಂಕೆ, ನಾಡಿ, ಷರಾ. ಪ್ರತಿ ಪುಟದ ನೆತ್ತಿಯಲ್ಲಿ ದುಂಡಗೆ: ಎಡತೋಳು, ಕುಳಿತ ಭಂಗಿ, ಐದು ನಿಮಿಷ ವಿಶ್ರಾಂತಿಯ ನಂತರ. ನಾಲ್ಕು ವರ್ಷ, ಇನ್ನೂರಕ್ಕೆ ಮಿಕ್ಕಿದ ಭಾನುವಾರಗಳು, ಒಂದೂ ತಪ್ಪಿಲ್ಲ. “ನೂರ ಹದಿನೈದರ ಮೇಲೆ ಇವ್ರಿಗೆ ಹೋದದ್ದೇ ಇಲ್ಲ. ನಿಮ್ಮ ಮಿಷನ್ ಒಮ್ಮೆ ಪರೀಕ್ಷೆ ಮಾಡಿಸ್ಕಾತ್ತೇನೋ.”

“ಬೆಳಿಗ್ಗೆಯಿಂದ ಹದ್ನೇಳ್ ಜನಕ್ಕೆ ಸಮ ಇದ್ದ ಮಿಷನ್ ನಿಮ್ಮತ್ತೆ ಕೈ ಕಂಡ ಕೂಡ್ಲೇ ಹಾಳಾಯ್ತಾ?” ಹೊರಗೆ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಇಬ್ಬರು ಮುದುಕರು ನಕ್ಕರು. ಜಲಜಳೂ ನಕ್ಕಳು, ಸೊಸೆಯ ಕಡೆ ನೋಡದೆ. ರಮಿತಾಳ ಕಿವಿ ಬಿಸಿಯಾಯಿತು. ಈ ಅವಮಾನ ಸಣ್ಣದು, ಎರಡು ನಿಮಿಷದಲ್ಲಿ ಸರಿಹೋಗತಕ್ಕದ್ದು ಎಂದು ಆಗ ಅವಳಿಗೆ ಖಚಿತವಾಗಿ ಅನಿಸಿತ್ತು. ದಾದಿ ಕುರ್ಚಿಯನ್ನು ಗೋಡೆಯಿಂದ ಈಚೆಗೆ ಎಳೆದು, “ಬನ್ನಿ, ನಿಮ್ಮ ಸೊಸೆಯ ಪುಸ್ತಕದ ಕೈಯನ್ನೂ ಕಾಂಬ” ಎಂದು ಪಟ್ಟಿಯನ್ನು ಎಡತೋಳಿಗೆ ಸುತ್ತಿದಳು. ನೂರ ಹತ್ತು, ಎಪ್ಪತ್ತು. ಪುಸ್ತಕ ಗೆದ್ದಿತ್ತು. ಆದರೆ ದಾದಿ ಈಗ ನಗಲಿಲ್ಲ. ಅವಳು ಎರಡು ಕೈಗಳನ್ನೂ ಒಮ್ಮೆ ನೋಡಿ, ಚಪ್ಪಲಿಯ ಸದ್ದು ಮಾಡುತ್ತ ಒಳಗೆ ಡಾಕ್ಟರರ ಕೋಣೆಗೆ ಹೋದಳು.

ಆ ಸದ್ದು ದೂರವಾಗುತ್ತಿದ್ದಂತೆ ರಮಿತಾ ಯಂತ್ರದ ಅಂಕೆಗಳನ್ನು ಮತ್ತೆ ನೋಡಿದಳು. ಒಂದೇ ದೇಹ, ಒಂದೇ ಹೃದಯ, ಎರಡು ಅಂಕೆ. ಇದಕ್ಕೆ ಎಷ್ಟು ಕಾರಣಗಳಿರಬಹುದು ಎಂದು ಅವಳ ಮನಸ್ಸು ಪರೀಕ್ಷೆಯ ಕೊಠಡಿಯಲ್ಲಿ ಕುಳಿತಂತೆ ಪಟ್ಟಿ ಮಾಡಹೊರಟಿತು. ಕಾರಣಕ್ಕಿಂತ ಮೊದಲು ಒಂದು ನಿಯಮ ನೆನಪಾಗಿ ಅಲ್ಲೇ ನಿಂತುಬಿಟ್ಟಿತು. ಮೊದಲ ಸಲ ಎರಡೂ ತೋಳುಗಳಲ್ಲಿ ಅಳೆದು, ಹೆಚ್ಚು ಬಂದ ತೋಳನ್ನೇ ಮುಂದೆ ಹಿಡಿಯಬೇಕು. ಇದನ್ನು ಅವಳು ಓದಿದ್ದಳು. ಯಾವ ಪುಟದ ಯಾವ ಮಗ್ಗುಲಲ್ಲಿ ಎಂಬುದೂ ನೆನಪಿತ್ತು. ಆ ಮೊದಲ ಭಾನುವಾರ ಯಂತ್ರ ಹೊಸದು, ಪಟ್ಟಿಯ ಬಟ್ಟೆಯಲ್ಲಿ ಡಬ್ಬಿಯ ವಾಸನೆ ಇನ್ನೂ ಉಳಿದಿತ್ತು. ಮದುವೆಯಾಗಿ ಎರಡನೆಯ ತಿಂಗಳು. ಬ್ರಹ್ಮಾವರದ ಬದಿಯ ದೇವಸ್ಥಾನದ ಊಟದ ಮನೆಯಲ್ಲಿ ಬಡಿಸುತ್ತಿದ್ದವರ ಮಗಳು ಕಿರಿಮಂಜೇಶ್ವರದ ಕಡಲ ಕೇರಿಗೆ ಬಂದು, ಮೀನಿನ ಪರಿಮಳಕ್ಕೆ ಮೂಗು ಒಗ್ಗಿಸಿಕೊಳ್ಳುತ್ತಿದ್ದ ದಿನಗಳು. ಜಲಜ ಹಿತ್ತಿಲಲ್ಲಿ ಮೀನು ಕೊಯ್ಯುತ್ತಿದ್ದವಳು ಕರೆದ ಕೂಡಲೇ ಎದ್ದು, ಕೈ ತೊಳೆದು, ಸೆರಗಿಗೆ ಒರೆಸಿ, ಶಾಲೆಯ ಮಗು ಕೈ ತೋರಿಸುವಂತೆ ಬಲಗೈಯನ್ನು ಮುಂದೆ ಮಾಡಿದ್ದಳು. “ಆ ಕೈ ಬೇಡ ಅತ್ತೆ, ಪಟ್ಟಿಗೆ ವಾಸ್ನಿ ಹಿಡಿತ್ತ್.” ತಾನು ಹಾಗೆ ಹೇಳಿದ್ದು ಹೌದೆ? ಈ ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ನೆನಪಾಗದ ಮಾತು ಈಗ ಸ್ವರಸಮೇತ ಎದ್ದು ಬಂದಿತ್ತು. ಪಟ್ಟಿ ಸುತ್ತುವುದು ಮೊಣಕೈಯ ಮೇಲೆ. ಯಾವ ಮೀನೂ ಅಲ್ಲಿಯವರೆಗೆ ಏರುವುದಿಲ್ಲ. ಅದು ಅಂದೂ ಗೊತ್ತಿತ್ತು. ಜಲಜ ತನ್ನ ಅಂಗೈಯನ್ನು ಒಮ್ಮೆ ಮಗುಚಿ ನೋಡಿಕೊಂಡು, “ಎಡಗೈ ಕೊಡುದ್ ಹ್ಯಾಂಗ್ ಮಗಾ, ಮನಿಗ್ ಬಂದ ಹೆಣ್ಣಿಗೆ?” ಎಂದು ಅನುಮಾನಿಸಿದ್ದಳು. ಮುಂದಿನ ಭಾನುವಾರ ಕೇಳುವ ಮೊದಲೇ ಎಡಗೈ ಬಂದಿತ್ತು. ಮೂರನೆಯ ಭಾನುವಾರದಿಂದ ಕೇರಿಯ ಹಿರಿಯರೂ ಬರತೊಡಗಿದರು: ನೆರೆಯ ಸರೋಜ, ಬಲೆ ಹೆಣೆಯುವ ಮುತ್ತ, ಇನ್ನೂ ಒಂಬತ್ತು ಮಂದಿ. ಜಗಲಿಯಲ್ಲಿ ನಿಂತು ಜಲಜ ಎಲ್ಲರಿಗೂ ಹೇಳುತ್ತಿದ್ದಳು: “ಎಡಗೈ ಕೊಡಿ, ಎಡಗೈ. ಅದ್ ಕ್ರಮ.” ಆ ಕ್ರಮ ಎಲ್ಲಿಂದ ಬಂತೆಂದು ರಮಿತಾ ಯೋಚಿಸಿರಲಿಲ್ಲ. ಪ್ರತಿಸಲವೂ ಒಂದೇ ತೋಳು ಎಂಬುದು ಅವಳ ಕಣ್ಣಿಗೆ ಶಿಸ್ತಾಗಿಯೇ ಕಂಡಿತ್ತು, ಪುಟದ ನೆತ್ತಿಯಲ್ಲಿ ದುಂಡಗೆ ಬರೆದುಕೊಳ್ಳುವಷ್ಟು.

ಕಣ್ಣಿನ ಡಾಕ್ಟರರು ಇವತ್ತು ಪೊರೆ ತೆಗೆಯುವ ಶಸ್ತ್ರಚಿಕಿತ್ಸೆ ಆಗದು ಎಂದರು. ಕಣ್ಣಿನ ಹಿಂಭಾಗದ ಪದರಕ್ಕೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿ, ಇನ್ನೇನನ್ನೋ ಚೀಟಿಯಲ್ಲಿ ಬರೆದು, ನೆಲಮಹಡಿಯ ವೈದ್ಯರ ಬಳಿಗೆ ಕಳಿಸಿದರು. ಮೆಟ್ಟಿಲಿಳಿಯುವಾಗ ಜಲಜ ಎಂದಿನಂತೆ ನಡುವಿನಲ್ಲಿ ನಿಂತಳು. ಈ ನಿಲ್ಲುವಿಕೆಯನ್ನು ರಮಿತಾ ಎಷ್ಟು ಸಲ ಕಂಡಿದ್ದಾಳೆ! ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವವಳು ಎರಡು ವರ್ಷದಿಂದ ಮೂರು ಮನೆ ದಾಟುವಷ್ಟರಲ್ಲಿ ಕಟ್ಟೆ ಹುಡುಕುತ್ತಿದ್ದಳು; ಬಟ್ಟೆ ಹರವುವಾಗ ಎಡಗೈ ತಂತಿಯವರೆಗೆ ಹೋಗಿ ತಾನಾಗಿ ಕೆಳಗಿಳಿಯುತ್ತಿತ್ತು, ಉಳಿದ ಬಟ್ಟೆಯನ್ನು ಒಂದೇ ಕೈಯಲ್ಲಿ ಹರವುತ್ತಿದ್ದಳು; ಮಧ್ಯಾಹ್ನ ಉಂಡ ತಟ್ಟೆಯ ಮುಂದೆಯೇ ಕುಳಿತು ತೂಕಡಿಸುತ್ತಿದ್ದಳು. “ಎಂತಕೋ ಮೈಯಂಗೆ ಜೀವವೇ ಇಲ್ಲೆ ಮಗಾ” ಎಂದಾಗ ರಮಿತಾ ಷರಾದ ಅಂಕಣದಲ್ಲಿ ಬರೆದಿದ್ದಳು: ಆಯಾಸ, ವಯೋಸಹಜ. ಇನ್ನೊಂದು ಭಾನುವಾರ: ಆಯಾಸ, ಒತ್ತಡ ಕಡಿಮೆ ಇರುವುದರಿಂದ. ಅದರ ಮುಂದೆ ಸಲಹೆ: ಉಪ್ಪು ಹೆಚ್ಚಿಸುವುದು. ಜಲಜಳಿಗೆ ಉಪ್ಪಿನ ಗಂಜಿ ಸೇರುತ್ತಿರಲಿಲ್ಲ. ಆದರೂ ಔಷಧಿ ಕುಡಿದಂತೆ ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ಬಿಸಿಲಿಗೆ ಹೊರಡುವಾಗ ಲಿಂಬೆ ನೀರಿಗೂ ಉಪ್ಪು ಹಾಕಿಸಿಕೊಂಡು, “ನನ್ನ ಸೊಸಿ ಹೇಳಿದ್” ಎಂದು ದಾರಿಯುದ್ದಕ್ಕೂ ಸಾರುತ್ತಿದ್ದಳು. ಹಾಕಿಕೊಟ್ಟ ಕೈ ಯಾರದು? ಚಮಚದಲ್ಲಿ ಅಳೆದು, ಗೆರೆಯ ಮಟ್ಟಕ್ಕೆ ಸವರಿ ಕೊಟ್ಟ ಕೈ ಯಾರದು? ಮೆಟ್ಟಿಲ ಕಂಬಿ ಹಿಡಿದು ನಿಂತ ರಮಿತಾಳಿಗೆ ಬಾಯಲ್ಲಿ ಉಪ್ಪಿನ ರುಚಿ ಬಂದಂತಾಯಿತು.

ನೆಲಮಹಡಿಯ ವೈದ್ಯರು ಹಿರಿಯರು, ಮೆತ್ತನೆಯ ಮಾತಿನವರು. ಅವರು ಪಾದರಸದ ಹಳೆಯ ಉಪಕರಣದಲ್ಲಿ ಎರಡೂ ತೋಳುಗಳನ್ನು ನೋಡಿದರು, ಕೊರಳ ಕೆಳಗೆ ಕೊಳವೆಯಿಟ್ಟು ಆಲಿಸಿದರು. ರಮಿತಾ ವಿಜ್ಞಾನ ಓದಿದವಳೆಂದು ತಿಳಿದ ಮೇಲೆ, “ಹಾಗಾದರೆ ಎರಡೂ ಮಣಿಕಟ್ಟನ್ನು ಒಟ್ಟಿಗೆ ಹಿಡಿದು ನೋಡಿ” ಎಂದರು. ಅವಳು ಹಿಡಿದಳು. ಬಲಗಡೆ ನಾಡಿ ಬೆರಳನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಎಡಗಡೆ ಬಹಳ ಹೊತ್ತು ಏನೂ ಸಿಗಲಿಲ್ಲ. ಆಮೇಲೆ, ಬಲದ ಬಡಿತ ಮುಗಿದ ಮೇಲೆ, ತಡವಾಗಿ ಬಂದವರು ಬಾಗಿಲು ತಟ್ಟಲೋ ಬೇಡವೋ ಎಂದು ತಟ್ಟುವಷ್ಟು ಸಣ್ಣಗೆ, ಒಂದು ಮಿಡಿತ. ನಾಲ್ಕು ವರ್ಷ ತಾನು ಲೆಕ್ಕ ಹಾಕಿದ್ದು ಈ ಮಿಡಿತವನ್ನು.

“ಎಡಗೈಗೆ ಹೋಗುವ ರಕ್ತನಾಳ ಅದರ ಬುಡದಲ್ಲೇ ಸಪೂರ ಆಗಿದೆ” ಎಂದರು ವೈದ್ಯರು. “ಅದರ ಆಚೆಗೆ ಒತ್ತಡ ಕಡಿಮೆ. ಹಾಗಾಗಿ ಆ ಕೈ ಯಾವಾಗಲೂ ಸುಳ್ಳು ಹೇಳ್ತದೆ. ದೇಹದ ನಿಜವಾದ ಒತ್ತಡ ಬಲಗೈಯದ್ದು. ಹೃದಯ ಈ ಇನ್ನೂರರ ಎದುರು ವರ್ಷಗಟ್ಟಲೆ ದೂಡ್ತಾ ಬಂದಿದೆ. ಸುಸ್ತಾಗದೆ ಇರ್ತದಾ? ಕಣ್ಣಿನ ಹಿಂದಿನ ಪದರಕ್ಕೂ ಪೆಟ್ಟು ಬಿದ್ದಿದೆ. ಪೊರೆ ತೆಗೆದರೂ ಪೂರ್ತಿ ಕಾಣ್ತದೆ ಅಂತ ಹೇಳಲಿಕ್ಕಾಗುದಿಲ್ಲ. ಮೂತ್ರಪಿಂಡ ಹೇಗಿದೆ ನೋಡ್ಬೇಕು, ನಾಳದ್ದೂ ಒಂದು ಸ್ಕ್ಯಾನ್ ಆಗ್ಬೇಕು. ಉಪ್ಪು ಇವತ್ತಿಂದಲೇ ಕಡಿಮೆ.” ಅವರು ನೀಲಿ ಪುಸ್ತಕವನ್ನು ತಿರುವಿದರು. ಷರಾದ ಅಂಕಣದ ಮೇಲೆ ಅವರ ಬೆರಳು ನಿಂತಿತು. “ಬಹಳ ಚಂದ ಬರೆದಿದ್ದಾರೆ. ಯಾರು ನೋಡ್ತಾ ಇದ್ದದ್ದು?”

ಉತ್ತರ ಒಂದೇ ಶಬ್ದದ್ದು. ರಮಿತಾ ಬಾಯಿ ತೆರೆದಳು ಕೂಡ. ಗೋಡೆಯ ಮೇಲೆ ಹೃದಯದ ಬಣ್ಣದ ಚಿತ್ರವಿತ್ತು. ಕೆಂಪು ಕಮಾನಿನಿಂದ ಮೇಲಕ್ಕೆ ಮೂರು ಕೊಂಬೆಗಳು, ಅವುಗಳ ಹೆಸರನ್ನು ಅವಳು ಒಮ್ಮೆ ತಪ್ಪಿಲ್ಲದೆ ಬರೆದು ಅಂಕ ಪಡೆದಿದ್ದಳು. ಎಡತೋಳಿಗೆ ಹೋಗುವ ಮೂರನೆಯ ಕೊಂಬೆಯಲ್ಲಿ ಅವಳ ಕಣ್ಣು ಸಿಕ್ಕಿಹಾಕಿಕೊಂಡಿತು. ಆ ಹೊತ್ತಿಗೆ ಜಲಜ ಹೇಳಿದಳು: “ಆ ಕೈ ಕೊಡುದ್ ನಾನೇ ಡಾಕ್ಟ್ರೆ. ಅದ್ ನಂದೇ ಒಂದ್ ಅಭ್ಯಾಸ. ಹೆಣ್ಣ್ ಎಂತ ಮಾಡತ್ತ್ ಪಾಪ.” ವೈದ್ಯರು ತಲೆಯಾಡಿಸಿ ಮಾತ್ರೆಯ ಹೆಸರು ಬರೆಯತೊಡಗಿದರು. ರಮಿತಾಳ ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು. ಮುಚ್ಚಿಕೊಂಡ ಆ ಕ್ಷಣದಲ್ಲಿ ಬೆನ್ನ ಮೇಲಿಂದ ಒಂದು ಭಾರ ಇಳಿದದ್ದನ್ನು ಅವಳು ಸ್ಪಷ್ಟವಾಗಿ ಅನುಭವಿಸಿದಳು. ಅದು ಇಳಿದು ಎಲ್ಲಿ ಹೋಗಿ ಕುಳಿತಿತು ಎಂಬುದೂ ಕಾಣುತ್ತಿತ್ತು. ಆ ಹಗುರವೇ ಅವಳನ್ನು ಹೆಚ್ಚು ಬೆಚ್ಚಿಸಿತು.

ಬೈಂದೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಲಜ, ಈಚೆಗೆ ರಮಿತಾ. ಹಾಗೆ ಕುಳಿತದ್ದರಿಂದ ಅತ್ತೆಯ ಎಡಗೈ ಸೊಸೆಯ ಮೊಣಕೈಗೆ ತಾಗುತ್ತಿತ್ತು, ಅದು ತಣ್ಣಗಿತ್ತು. ಯಾವಾಗಲೂ ತಣ್ಣಗೇ ಇತ್ತಲ್ಲ ಈ ಕೈ? ಚಳಿಗೋ, ನೀರಲ್ಲಿ ಅದ್ದಿದ್ದಕ್ಕೋ ಎಂದುಕೊಂಡಿದ್ದಳಲ್ಲ? ತಲ್ಲೂರು, ಹೆಮ್ಮಾಡಿ ದಾಟಿದವು. ಪ್ರತಿ ನಿಲ್ದಾಣದಲ್ಲೂ ಏರುವ ಮುದುಕರ ಕೈಗಳನ್ನು ರಮಿತಾ ನೋಡುತ್ತಿದ್ದಳು: ಯಾವ ಕೈಯಲ್ಲಿ ಕಂಬಿ ಹಿಡಿಯುತ್ತಾರೆ, ಯಾವ ಕೈ ಜೋತುಬಿದ್ದಿದೆ. ಮುತ್ತನ ಅಂಕೆ ಹೋದ ಭಾನುವಾರ ನೂರ ಇಪ್ಪತ್ತನಾಲ್ಕು. ಅದು ಯಾವ ಮುತ್ತನದು? ನಿಜವಾದ ಮುತ್ತನದೋ, ಎಡಗೈಯ ಮುತ್ತನದೋ? ಹನ್ನೊಂದು ಮಂದಿ, ಹನ್ನೊಂದು ಎಡಗೈಗಳು. ಒಬ್ಬರಲ್ಲಿ ಇದ್ದದ್ದು ಇನ್ನೊಬ್ಬರಲ್ಲಿ ಇರಬೇಕೆಂದಿಲ್ಲ, ಬಹುತೇಕ ಇರಲಾರದು ಎಂದು ಓದಿದ ಬುದ್ಧಿ ಹೇಳುತ್ತಿತ್ತು. ಆದರೆ ಬೆಳಿಗ್ಗೆ ಒಂಬತ್ತು ಗಂಟೆಯವರೆಗೂ ಅದೇ ಬುದ್ಧಿ ಎಷ್ಟೋ ಸಂಗತಿಗಳನ್ನು ಖಚಿತವಾಗಿ ಹೇಳಿತ್ತು.

ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲು ಬಂದಾಗ ಜಲಜ ಕಿಟಕಿಯಿಂದ ಮುಖ ತಿರುಗಿಸದೆ ಮಗನ ಮಾತೆತ್ತಿದಳು. “ಸಚಿನಂಗ್ ಇದೆಲ್ಲ ಹೇಳುಕ್ ಹೋಯ್ಬೇಡ. ಅವ ಮೀನಿನ್ ಲಾರಿ ಬಿಡುವಲ್ಲಿ ತಲಿ ಬಿಸಿ ಮಾಡ್ಕಂತ.”

“ಹೇಳ್ದೆ ಹ್ಯಾಂಗೆ ಅತ್ತೆ?”

“ಹೇಳ್, ಬಿಪಿ ಇತ್ತ್ ಅಂದೇಳಿ ಹೇಳ್. ಯಾವ ಕೈ, ಎಂತ ಕತಿ ಅಂದೇಳಿ ಬ್ಯಾಡ. ಕೇರಿಯವ್ರ್ ಕೇಳೀರ್ ಮಿಷನ್ ಹಾಳಾಯಿತ್ ಅಂಬ. ಮಿಷನ್ನಿಗೆ ಎಂತ ಮಾನ ಹೋತ್ತಾ?” ಹಾಗೆಂದು ಅವಳು ತನ್ನ ಮಾತಿಗೆ ತಾನೇ ನಕ್ಕಳು. ರಮಿತಾ ಕಡತವನ್ನು ಮಡಿಲಲ್ಲಿ ಸರಿಪಡಿಸಿಕೊಂಡಳು. ಮಿಷನ್ ಹಾಳಾಯಿತು. ಎಷ್ಟು ಅಚ್ಚುಕಟ್ಟಾದ ವಾಕ್ಯ! ಅದರಲ್ಲಿ ಕೈಯೂ ಇಲ್ಲ, ವಾಸನೆಯೂ ಇಲ್ಲ, ಸೊಸೆಯೂ ಇಲ್ಲ. ಹೊಸದೊಂದು ಯಂತ್ರ ತಂದು, ಮುಂದಿನ ಭಾನುವಾರದಿಂದ ಸದ್ದಿಲ್ಲದೆ ಬಲಗೈಗೆ ಬದಲಾಯಿಸಿಕೊಂಡರೆ ಮುಗಿಯಿತು. ಭಾನುವಾರಕ್ಕೆ ಇನ್ನು ಐದು ದಿನ. ಆ ಐದು ದಿನಗಳಲ್ಲಿ ಮುತ್ತನಿಗೆ ಏನಾದರೂ ಆದರೆ? ನಾವುಂದ ಬರುವಷ್ಟರಲ್ಲಿ ಅವಳು ಆ ವಾಕ್ಯವನ್ನು ಹತ್ತು ಬಾರಿ ಮನಸ್ಸಿನಲ್ಲೇ ಹೇಳಿ ನೋಡಿದ್ದಳು. ಹತ್ತನೆಯ ಬಾರಿಗೆ ಅದು ನಿಜದಂತೆಯೇ ಕೇಳಿಸಿತು.

ಮನೆಯ ಗೇಟಿನ ಬಳಿ ಸರೋಜ ಕಾದಿದ್ದಳು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು. “ಹ್ವಾಯ್ ಜಲಜಕ್ಕ, ಕಣ್ಣಿಗ್ ಕಟ್ಟಿದ್ ಪಟ್ಟಿ ಎಲ್ಲಿತ್? ಹೋದ ಹಾಂಗೇ ಬಂದ್ರಲೆ!”

“ಇವತ್ತ್ ಆಯ್ಲಿಲ್ಲೆ ಮಾರಾಯ್ತಿ. ಬಿಪಿ ಜಾಸ್ತಿ ಇತ್ತ್ ಅಂದ್ರ್.”

“ಯಾರಿಗ್, ನಿಮ್ಗಾ? ಮತ್ತೆ ಇಷ್ಟ್ ದಿನ ಲೋ ಬಿಪಿ, ಲೋ ಬಿಪಿ ಅಂದೇಳಿ ಊರೆಲ್ಲ ಸಾರ್ಕಂಡ್ ಬಂದದ್?”

“ಮನಿ ಮಿಷನ್ ಹಾಳಾಯಿತ್ ಕಾಣ್. ಹಳಿದಾಯ್ತಲೆ.”

ರಮಿತಾ ಗೇಟಿನ ಅಗುಳಿಯನ್ನು ನೋಡುತ್ತ ನಿಂತಿದ್ದಳು. ಎರಡನೆಯ ಸಲವೂ ಅವಳ ಬಾಯಿ ಮುಚ್ಚಿಯೇ ಇತ್ತು.

“ಹಂಗಾರ್ ಬೈಂದೂರ್ ಕ್ಯಾಂಪಂಗೆ ಹೇಳಿದ್ದೇ ಸಮ ಅಲ್ದಾ?” ಎಂದಳು ಸರೋಜ.

“ಬಾಯ್ ಮುಚ್ಚ್ ಸರೋಜ.”

“ಎಂತಕ್ಕೆ ಮುಚ್ಚುದ್? ಹ್ವಾದ್ ವರ್ಷ ಕನ್ನಡ್ಕ ಕೊಡು ಕ್ಯಾಂಪಿಗೆ ನಾವಿಬ್ರೂ ಹೋಯ್ಲಿಲ್ಯಾ? ಆ ಹುಡ್ಗಿ ನಿಮ್ಮ ಬಲಗೈ ಕಂಡ್ ನೂರ ಎಂಬತ್ತ್ ಇತ್ತ್, ಇವತ್ತೇ ದೊಡ್ಡಾಸ್ಪತ್ರಿಗೆ ಹೋಯ್ಕ್ ಅಂದೇಳಿ ಚೀಟಿ ಬರ್ದ್ ಕೊಡ್ತ್. ನೀವ್ ಅದ್ರ ಹತ್ರ ಜಗಳ ಮಾಡದ್ರಿ. ‘ನಮ್ಮನಿ ಹೆಣ್ಣ್ ಸಾಯನ್ಸ್ ಓದಿತ್, ವಾರ ವಾರ ಬರಿತ್ತ್. ನೀವ್ ಒಂದ್ ದಿನ ಬಂದ್ ಎಂತ ಹೇಳುದ್?’ ಅಂದ್ರಿ. ಚೀಟಿ ಹರ್ದ್ ಬಸ್ಸಿಂದ ಹೊರ್ಗ್ ಹಾಕದ್ರಿ. ನಾನ್ ಪಕ್ಕದಗೇ ಕೂತಿದ್ದೆ.”

ರಮಿತಾ ಗೇಟನ್ನು ಹಿಡಿದುಕೊಂಡಳು. ಒಂದು ವರ್ಷದ ಹಿಂದೆಯೇ ಸರಿಯಾದ ಅಂಕೆ ಈ ಮನೆಯ ಬಾಗಿಲವರೆಗೆ ಬರಹೊರಟಿತ್ತು. ಅದನ್ನು ದಾರಿಯಲ್ಲಿ ತಡೆದು ಹರಿದು ಎಸೆದದ್ದು ಅಜ್ಞಾನವಲ್ಲ, ನೀಲಿ ರಟ್ಟಿನ ಈ ಪುಸ್ತಕ. ಆ ಕ್ಯಾಂಪಿನ ಮರುವಾರದ ಪುಟ ಕಣ್ಣ ಮುಂದೆ ಬಂತು: ನೂರ ಆರು, ಅರವತ್ತೆಂಟು. ಷರಾ: ಸ್ಥಿರ. “ನಂಗೆ ಎಂತಕ್ಕೆ ಹೇಳ್ಲಿಲ್ಲ ಅತ್ತೆ?” ಎಂದಾಗ ಸ್ವರ ತನ್ನದೆನಿಸಲಿಲ್ಲ.

“ಎಂತ ಹೇಳುದ್? ನೀ ಅಷ್ಟ್ ಚಂದ ಬರ್ಕಂಡ್ ಬಂದಿದ್ದೆ. ಯಾರೋ ದಾರಿಯಗ್ ಹೋಪರ್ ಒಂದ್ ಮಾತ್ ಹೇಳ್ರ್ ಅಂದೇಳಿ ನಿನ್ನ ಹತ್ರ ಬಂದ್ ನೀ ಬರ್ದದ್ ಸುಳ್ಳ್ ಅಂಬುದಾ?”

ಆಗ ರಮಿತಾ ಹೇಳಿದಳು. ಧೈರ್ಯದಿಂದಲ್ಲ; ಹಿಡಿದಿಡುವ ಶಕ್ತಿ ಇನ್ನು ಉಳಿದಿರಲಿಲ್ಲ, ಅಷ್ಟೆ. “ಮಿಷನ್ ಹಾಳಾಯ್ಲಿಲ್ಲ ಸರೋಜಕ್ಕ. ತಪ್ಪು ನಂದು. ಎರಡೂ ಕೈ ನೋಡ್ಕಿತ್ತು, ನಾನ್ ಎಡಗೈ ಮಾತ್ರ ನೋಡ್ತಾ ಬಂದೆ. ಬಲಗೈ ಬೇಡ ಅಂದದ್ದೂ ನಾನೇ. ಅತ್ತೆ ಮೀನ್ ಕೊಯ್ದ ಕೈ, ಪಟ್ಟಿಗೆ ವಾಸ್ನಿ ಹಿಡಿತ್ತ್ ಅಂತ.”

ಸರೋಜ ಜಲಜಳ ಕಡೆ ತಿರುಗಿದಳು. “ವಾಸ್ನಿಯಾ? ನೀವ್ ನಮ್ಗೆಲ್ಲ ಕ್ರಮ ಅಂದ್ರಿ!” ಆಮೇಲೆ ಒಮ್ಮೆಲೇ ಅವಳ ಮುಖದ ಬಣ್ಣ ಇಳಿಯಿತು. “ಹಂಗಾರ್ ನನ್ನ ಮಾತ್ರೆ? ನೀನ್ ಎಲ್ಲ ಸಮ ಇತ್ತ್ ಅಂದೇಳಿ ಬರ್ದದ್ ಕಂಡ್ ನಾನ್ ಅರ್ಧ ಮಾಡಿ ತಿಂತಿದ್ದೆ. ಯಾರತ್ರೂ ಕೇಣ್ಲಿಲ್ಲೆ.”

ರಮಿತಾ ಓಡಿಹೋಗಿ ಯಂತ್ರ ತಂದಳು. ಜಗಲಿಯಲ್ಲಿ ಸರೋಜಳನ್ನು ಕೂರಿಸಿ, ಐದು ನಿಮಿಷದ ವಿಶ್ರಾಂತಿಯನ್ನೂ ಮರೆತು, ಬಲಗೈ, ಎಡಗೈ, ಮತ್ತೆ ಬಲಗೈ. ನೂರ ನಲವತ್ತಾರು, ನೂರ ನಲವತ್ತನಾಲ್ಕು, ನೂರ ನಲವತ್ತಾರು. “ಎರಡೂ ಕೈ ಒಂದೇ ಇತ್ತ್. ಹೆದ್ರಿಕಿ ಇಲ್ಲ. ಆದ್ರೆ ಮಾತ್ರೆ ಅರ್ಧ ಮಾಡ್ಬೇಡಿ, ನಾಳೆಯೇ ಡಾಕ್ಟ್ರಿಗೆ ತೋರ್ಸಿ.” ಸರೋಜ ರವಿಕೆಯ ತೋಳನ್ನು ಇಳಿಸಿಕೊಂಡು ಎದ್ದಳು. ಬೈಯಲಿಲ್ಲ. “ಮುತ್ತಣ್ಣಂಗೆ ನೀ ಹೇಳ್ತ್ಯಾ, ನಾ ಹೇಳ್ಲಾ?” ಎಂದಳು. “ನಾನೇ ಹೇಳ್ತೆ. ಎಲ್ಲರ ಮನಿಗೂ ಇವತ್ತೇ ಹೋತೆ.” ಸರೋಜ ಗೇಟು ದಾಟಿದ ಮೇಲೆ ತಿರುಗಿ, “ಭಾನ್ವಾರ ನಾನ್ ಬಪ್ದಿಲ್ಲೆ. ಬೈಂದೂರಿಗೇ ಹೋತೆ. ಬೇಜಾರ್ ಮಾಡ್ಕಣ್ಬೇಡ” ಎಂದು ಮೆತ್ತಗೆ ಹೇಳಿ ಹೋದಳು. ಆ ಮೆತ್ತಗಿನ ದನಿ ಕೆನ್ನೆಗೆ ಬಿದ್ದ ಹಾಗಿತ್ತು.

“ಆಯ್ತಾ? ಈಗ ಸಮಾಧಾನ ಆಯ್ತಾ ನಿಂಗೆ?” ಜಲಜ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಉಸಿರು ಎತ್ತಿ ಬರುತ್ತಿತ್ತು. ನಾಲ್ಕು ವರ್ಷದಲ್ಲಿ ಅವಳು ಸೊಸೆಯ ಮೇಲೆ ಸ್ವರ ಏರಿಸಿದ್ದು ಇದೇ ಮೊದಲು. “ನನ್ನ ಕೈ ವಾಸ್ನಿ ಅಂದ ಸೊಸಿ ಅಂದೇಳಿ ಕೇರಿಗೆ ಗೊತ್ತಾಪ್ಕಾಗ ಅಂತ್ಲೇ ನಾನ್ ಅದನ್ನ ಕ್ರಮ ಮಾಡದ್ದ್. ಎಲ್ಲರೂ ಎಡಗೈ ಕೊಟ್ರೆ ನನ್ನೊಬ್ಬಳದ್ದೇ ಅಂದೇಳಿ ಕಾಂತಿಲ್ಲೆ ಅಲ್ದಾ? ನಾಕ್ ವರ್ಷ ಕಟ್ಟದ್ದನ್ನ ನೀ ಒಂದ್ ಉಸ್ರಿಗೆ ಕೆಡ್ಗಿದೆ.” ಅವಳು ಕುಸಿದು ಕುಳಿತಳು. ರಮಿತಾ ಅಭ್ಯಾಸಬಲದಿಂದ ಬಾಗಿ ನಾಡಿಗೆ ಕೈ ಚಾಚಿದಳು. ಚಾಚಿದ ಮೇಲೆ, ಯಾವ ಕೈಯನ್ನು ಕೇಳುವ ಹಕ್ಕು ತನಗೆ ಉಳಿದಿದೆ ಎಂದು ತಿಳಿಯದೆ ನಿಂತಳು. ಜಲಜ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. “ಮಾತ್ರೆ ಅಲ್ಲಿ ಇಡ್. ನಾನೇ ತಕಂತೆ. ನೀ ಒಳ್ಗ್ ಹೋಗ್.”

ಮಾತ್ರೆಯ ಹಾಳೆಯನ್ನೂ ನೀರಿನ ಲೋಟವನ್ನೂ ಅತ್ತೆಯ ಪಕ್ಕದಲ್ಲಿಟ್ಟು ರಮಿತಾ ಒಳಗೆ ಹೋದಳು, ಬಾಗಿಲ ಮರೆಯವರೆಗೆ ಮಾತ್ರ. ಯಾವ ಮನೆಗೆ ಮೊದಲು ಹೋಗಬೇಕು, ಹೇಗೆ ಆರಂಭಿಸಬೇಕು ಎಂದು ಯೋಚಿಸಲು ನೋಡಿದಳು. ಕಿವಿ ಮಾತ್ರ ಹೊರಗೇ ಇತ್ತು. ಹಾಳೆ ಒಡೆದು ಮಾತ್ರೆ ಹೊರಬರುವ ಚಟ್ ಎಂಬ ಸಣ್ಣ ಸದ್ದು ಕೇಳಿಸಿತು. ಅವಳು ಉಸಿರು ಬಿಟ್ಟಳು. ಮರುಕ್ಷಣವೇ ಇನ್ನೊಂದು ಚಟ್.

ವರ್ಷಗಟ್ಟಲೆ ಇನ್ನೂರಕ್ಕೆ ಒಗ್ಗಿದ ನಾಳಗಳವು. ಒತ್ತಡವನ್ನು ಒಮ್ಮೆಗೇ ಕೆಳಗೆ ಬೀಳಿಸಿದರೆ ತಲೆಗೆ ರಕ್ತ ಏರದೆ ಹೋದೀತು. ಅದನ್ನು ನೆನೆಯುವಷ್ಟರಲ್ಲಿ ಅವಳು ಜಗಲಿಯಲ್ಲಿದ್ದಳು. ಜಲಜಳ ಬಾಯಿಯ ಹತ್ತಿರ ಹೋಗಿದ್ದ ಕೈಯನ್ನು ಎರಡೂ ಕೈಗಳಿಂದ ಹಿಡಿದೆಳೆದಳು. “ಒಂದೇ ಅತ್ತೆ! ಒಂದೇ ಮಾತ್ರೆ! ಎರಡ್ ಎಂತಕ್ಕೆ?”

“ಕ್ಯಾಂಪಿನವ್ರ್ ಹೇಳ್ದಾಗ ತಕಣ್ಲಿಲ್ಲೆ ಅಲ್ದಾ? ಅದ್ ಬಿಟ್ಟ್ ಹೋಯಿತ್ತಲೆ, ಅದನ್ನೂ ಸೇರ್ಸಿ—”

“ಹಾಂಗ್ ಸೇರ್ಸುಕಿಲ್ಲ!” ಜಲಜ ಮುಷ್ಟಿ ಬಿಗಿದಳು. ನಲವತ್ತು ವರ್ಷ ಕತ್ತಿ ಹಿಡಿದ ಮುಷ್ಟಿ ಅದು. ರಮಿತಾ ಒಂದೊಂದೇ ಬೆರಳನ್ನು ಬಿಡಿಸಿದಳು. ಲೋಟ ಉರುಳಿ ನೀರು ಇಬ್ಬರ ಮಡಿಲಿಗೂ ಚೆಲ್ಲಿತು. ಒದ್ದೆಯಾದ ಅಂಗೈಯಲ್ಲಿ ಮಾತ್ರೆಗಳು ಅಂಟಿ ಕುಳಿತಿದ್ದವು. ಒಂದನ್ನು ಕಿತ್ತುಕೊಂಡಳು. ಇನ್ನೊಂದನ್ನು ಜಲಜ ಬಾಯಿಗೆ ಹಾಕಿ, ನೀರಿಲ್ಲದೆಯೇ ನುಂಗಿ, ಮುಖ ಹಿಂಡಿದಳು. ಇಬ್ಬರೂ ಏದುಸಿರು ಬಿಡುತ್ತಿದ್ದರು. ಆಚೆ ಮನೆಯ ಕಿಟಕಿಯಲ್ಲಿ ಯಾರೋ ಬಗ್ಗಿ ನೋಡಿ ಸರಿದರು.

“ನಾಳಿಗೂ ಒಂದೇಯಾ?” ಎಂದಳು ಜಲಜ.

“ಒಂದೇ.”

“ಹಂಗಾರ್ ನೀನೇ ಕೊಡ್. ನಂಗ್ ತಪ್ಪತ್ತ್.”

ರಮಿತಾ ಹೂಂ ಎನ್ನಬೇಕಿತ್ತು. ಒದ್ದೆ ಮಾತ್ರೆ ಅವಳ ಮುಚ್ಚಿದ ಹಿಡಿಯೊಳಗೆ ಮೆಲ್ಲನೆ ಹಿಟ್ಟಾಗುತ್ತಿತ್ತು. ಹಿಡಿ ಬಿಚ್ಚಲು ಅವಳಿಗೆ ಹೆದರಿಕೆಯಾಯಿತು.